ಚೀಫ್ ದನಿ, ನನ್ನ ಬಾಯಿ

ಆ ಭಾನುವಾರ ಮಗಳು ಅಪ್ಪನ ಮಾತು ನಂಬದೇ ಹೋದದ್ದಕ್ಕೆ ಕಾರಣ ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ ಪಶ್ಚಾತ್ತಾಪ ಅಂದುಕೊಂಡು ಓದಿದವರು ಕ್ಷಮಿಸಿಬಿಡಬಹುದು. ಅಷ್ಟು ಸುಲಭಕ್ಕೆ ಸಿಗುವುದು ಬೇಡ. ಗಂಟೆಗೆ ನೂರು ಮೈಲಿಯ ಹತ್ತಿರ ಓಡುತ್ತಿದ್ದ ಕಾರಿನೊಳಗೆ ಅವಳ ಕಿವಿಗೆ ಅಪ್ಪನ ದನಿ ಬಿತ್ತು. ಅದು ನಿಜವಾಗಿಯೂ ಅಪ್ಪನದೇ. ಅವಳು ಮಾತ್ರ ಅದನ್ನು ನನ್ನ ಮಿಮಿಕ್ರಿ ಅಂದುಕೊಂಡಳು. ಹಾಗೆ ಅಂದುಕೊಳ್ಳುವಂತೆ ಎರಡು ವರ್ಷ ಅವಳ ಕಿವಿ ಕೆಡಿಸಿಟ್ಟವನು ನಾನೇ.

ನನಗೆ ಈ ಚಟ ಚಿಕ್ಕಂದಿನದು. ಯಾರು ಎದುರಿಗೆ ಬಂದರೂ ಹತ್ತು ನಿಮಿಷದಲ್ಲಿ ಅವರ ದನಿ ಬಂದು ನನ್ನ ಗಂಟಲಲ್ಲಿ ಕೂರುತ್ತದೆ. ಸ್ಯಾನ್ ರಮೋನಿನ ನಮ್ಮ ಆಫೀಸಿನಲ್ಲಿ ಮ್ಯಾನೇಜರು ಕೆಟ್ಟ ಸುದ್ದಿ ಹೇಳುವ ಮುಂಚೆ ಎರಡು ಸಲ ಮೂಗೆಳೆದುಕೊಳ್ಳುವುದು, ಕನ್ನಡ ಕೂಟದ ಆಂಟಿಯೊಬ್ಬರು ಮೈಕು ಕೈಗೆ ಬಂದ ಕೂಡಲೇ ಉಸಿರಿಗಿಂತ ಮೆಲ್ಲಗೆ ಮಾತಾಡುವುದು, ನಮ್ಮಮ್ಮ ಫೋನಿನಲ್ಲಿ "ನೀನು ಚೆನ್ನಾಗಿದ್ದರೆ ಸಾಕಪ್ಪ" ಅನ್ನುವಾಗ ಅದು ಸಾಲದು ಅಂತ ಗೊತ್ತಾಗುವ ಹಾಗೆ ಅನ್ನುವುದು, ಎಲ್ಲ ಬರುತ್ತದೆ. ನನ್ನನ್ನೂ ಬಿಟ್ಟಿಲ್ಲ. ಇಂಟರ್‌ವ್ಯೂನಲ್ಲಿ ನಾನು ಆಡುವ ಅಮೆರಿಕದ ಇಂಗ್ಲಿಷನ್ನು ನಾನೇ ಮಾಡಿ ತೋರಿಸಿದರೆ ರೂಂಮೇಟುಗಳು ಸೋಫಾದಿಂದ ಕೆಳಗೆ ಬೀಳುತ್ತಾರೆ.

ಚೀಫ್ ನನಗೆ ಸಿಕ್ಕಿದ್ದು ನನ್ನ ಹಳೇ ಕಾರಿನ ದಯೆಯಿಂದ. ಅದು ಫ್ರೀವೇ ಮಧ್ಯೆ ಕುದಿದು ನಿಂತಾಗ ಎಳೆದುಕೊಂಡು ಹೋಗಿ ಬಿಟ್ಟದ್ದು ಸ್ಯಾನ್ ಹೊಸೆಯಲ್ಲಿ ಅವರ ಗ್ಯಾರೇಜಿಗೆ. ಬಾನೆಟ್ ಎತ್ತಿ ನೋಡಿ, ನನ್ನ ಮುಖ ನೋಡಿ, ಕನ್ನಡದಲ್ಲೇ ಕೇಳಿದರು: "ನೀರು ಉಯ್ದು ಎಷ್ಟ್ ದಿನ ಆಯ್ತು ಮಗ? ಎತ್ಗಾದ್ರೂ ನೀರ್ ಕುಡುಸ್ತಾರೆ ಕಣ್ಲಾ." ಅವರಿಗೆ ಆಗ ಐವತ್ತು ದಾಟಿತ್ತು. ಮಂಡ್ಯದ ಕಡೆಯವರು. ನಾನು ಕಾಯುತ್ತಾ ಕೂತವನು ಅರ್ಧ ಗಂಟೆ ಬಿಟ್ಟು ಅವರದೇ ದನಿಯಲ್ಲಿ ಅದೇ ಮಾತನ್ನು ಇನ್ನೊಂದು ಕಾರಿಗೆ ಹೇಳಿದೆ. ಅವರು ಸ್ಪ್ಯಾನರು ಕೆಳಗಿಟ್ಟು ನಕ್ಕರು. "ನಿನ್ ಬಾಯಿಗೊಂದ್ ಕೆಲ್ಸ ಕೊಡ್ಬೇಕಲ್ಲ," ಅಂದರು. ಕೊಟ್ಟರು.

ಅವರು ಸ್ಟಾಕ್ ಕಾರು ರೇಸಿನ ಕ್ರೂ ಚೀಫ್ ಆಗಿದ್ದರು. ಸ್ಟಾಕ್ ಕಾರು ಹೊರಗಿನಿಂದ ರಸ್ತೆಯ ಮೇಲಿನ ಕಾರಿನ ಹಾಗೇ ಕಾಣುತ್ತದೆ. ಒಳಗೆ ಒಂದೇ ಸೀಟು, ಅದರ ಸುತ್ತ ಕಬ್ಬಿಣದ ಕೊಳವೆಗಳ ಪಂಜರ. ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ ಎಡಕ್ಕೆ ಮಾತ್ರ ತಿರುಗುತ್ತಾ ಸುತ್ತುವುದು ಅದರ ಕೆಲಸ. ಓಡಿಸುವವರು ಒಬ್ಬರಾದರೆ, ಯಾವ ಟೈರಿಗೆ ಎಷ್ಟು ಗಾಳಿ, ಯಾವಾಗ ನುಗ್ಗಬೇಕು, ಟೈರು ಬದಲಿಸಲು ಯಾವಾಗ ಟ್ರ್ಯಾಕ್ ಬಿಟ್ಟು ಒಳಗೆ ಪಿಟ್ಟಿಗೆ ಬರಬೇಕು ಎಂಬುದನ್ನೆಲ್ಲ ಒಳಬದಿಯ ಗೋಡೆಯ ಪಕ್ಕ ನಿಂತು ರೇಡಿಯೋದಲ್ಲಿ ಹೇಳುವವರು ಕ್ರೂ ಚೀಫ್. ನಮ್ಮ ಕಾರು ಓಡಿಸುತ್ತಿದ್ದದ್ದು ಚೀಫ್ ಅವರ ಮಗಳು. ಇಪ್ಪತ್ತಮೂರು ವರ್ಷ. ಹುಟ್ಟಿದ್ದು ಇಲ್ಲೇ. ಅಪ್ಪ ಕನ್ನಡದಲ್ಲಿ ಹೇಳುತ್ತಿದ್ದರು, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು, ಇಬ್ಬರಿಗೂ ಅದರಲ್ಲಿ ವಿಶೇಷ ಏನೂ ಕಾಣುತ್ತಿರಲಿಲ್ಲ.

ಊರಲ್ಲಿ ಟ್ರ್ಯಾಕ್ಟರು ರಿಪೇರಿ ಮಾಡುತ್ತಿದ್ದವರು ಹೆಂಡತಿಯ ವೀಸಾದ ಬಾಲ ಹಿಡಿದು ಬಂದದ್ದು. ಆಂಟಿಗೆ ಸಾಫ್ಟ್‌ವೇರ್ ಕೆಲಸ, ಇವರಿಗೆ ಕೆಲಸ ಮಾಡುವ ಹಕ್ಕೇ ಇಲ್ಲ. ಮೊದಲ ವರ್ಷಗಳಲ್ಲಿ ಮಗು ಎತ್ತಿಕೊಂಡು ಪಾರ್ಕಿನಲ್ಲಿ ಸುತ್ತಿದರಂತೆ. ಒಂದು ಶನಿವಾರ ಯಾರೋ ರೇಸಿಗೆ ಕರೆದುಕೊಂಡು ಹೋದರು. ಬೇಲಿಯ ಆಚೆ ನಿಂತು ನೋಡುತ್ತಿದ್ದವರು ಒಂದು ಕಾರಿನ ಸದ್ದು ಕೇಳಿ, "ಅದ್ರದ್ದು ನಾಲ್ಕನೇ ಸಿಲಿಂಡರು ಕುಂಟ್ತದೆ" ಅಂತ ಕೈ ಸನ್ನೆಯಲ್ಲಿ ಹೇಳಿದರಂತೆ. ನಿಜವಾಗಿತ್ತು. ಮುಂದಿನ ವಾರದಿಂದ ಪುಕ್ಕಟೆಯಾಗಿ ಟೈರು ಉರುಳಿಸಿದರು, ಅದಕ್ಕಂಟಿದ ಕರಗಿದ ರಬ್ಬರು ಕೆರೆದರು, ಹೊತ್ತುಕೊಂಡು ಓಡಿದರು. ಟೈರಿನ ಮೇಲೆ ಅಂಗೈ ಹಿಂಭಾಗ ಇಟ್ಟರೆ ಸಾಕು, ಎಷ್ಟು ಬಿಸಿ ಅಂತ ಮೀಟರಿಗಿಂತ ಮುಂಚೆ ಹೇಳುವುದು ಕಲಿತರು. ಟೈರಿನವನಾಗಿ, ಮೆಕ್ಯಾನಿಕ್ಕಾಗಿ, ಕಾರಿನ ಪೂರ್ತಿ ಹೊಣೆ ಹೊತ್ತವನಾಗಿ, ಹನ್ನೊಂದನೇ ವರ್ಷಕ್ಕೆ ಚೀಫ್ ಆದರು. ಅಷ್ಟರಲ್ಲಿ ಕೆಲಸದ ಪರವಾನಗಿ ಬಂದು ಗ್ಯಾರೇಜು ತೆರೆದಿದ್ದರು. ವಾರವಿಡೀ ಊರವರ ಕಾರು, ವಾರದ ಕೊನೆಗೆ ರೇಸಿನ ಕಾರು. ಹಿಂದೆ ಬೇರೆಯವರ ಮಕ್ಕಳು ಓಡಿಸುತ್ತಿದ್ದರು. ಆಮೇಲೆ ಅವರದೇ ಮಗಳು ಹೆಲ್ಮೆಟ್ ಹಾಕಿಕೊಂಡು ಬಂದು ಎದುರಿಗೆ ನಿಂತಳು.

ರೇಸಿನಲ್ಲಿ ಒಬ್ಬರ ರೇಡಿಯೋ ಇನ್ನೊಬ್ಬರು ಕದ್ದು ಕೇಳುತ್ತಾರೆ. ಅದು ಕಳ್ಳತನವೂ ಅಲ್ಲ. ಎಲ್ಲರ ಕೈಯಲ್ಲೂ ಕೇಳುವ ಯಂತ್ರ ಇರುತ್ತದೆ. ಚೀಫ್ ಅದಕ್ಕೇ ಎಲ್ಲವನ್ನೂ ಕನ್ನಡದಲ್ಲಿ ಹೇಳುತ್ತಿದ್ದರು. ಟೈರಿನ ಮೇಲೆ ಗಾಳಿಯ ಲೆಕ್ಕವನ್ನೂ ಕನ್ನಡದ ಅಂಕಿಯಲ್ಲೇ ಸೀಮೆಸುಣ್ಣದಿಂದ ಬರೆಯುತ್ತಿದ್ದರು. ಪಕ್ಕದ ತಂಡದವರು ಒಮ್ಮೆ ತಮ್ಮ ಆಫೀಸಿನ ಇಂಡಿಯಾದವನೊಬ್ಬನನ್ನು ಕರೆತಂದು ಕೇಳಿಸಿದರು. ಆತ ಗುಜರಾತಿನವನು. ಐದು ನಿಮಿಷ ಕೇಳಿ, ಇದು ಇಂಡಿಯಾದ ಭಾಷೆಯೇ ಅಲ್ಲ ಅಂತ ತೀರ್ಪು ಕೊಟ್ಟು ಹಾಟ್ ಡಾಗ್ ತಿನ್ನಲು ಹೋದನಂತೆ.

ನನಗೆ ಸಿಕ್ಕಿದ ಕೆಲಸ ಸ್ಪಾಟರ್‌ನದು. ಪಂಜರದೊಳಗೆ ಬೆಲ್ಟು ಬಿಗಿದು ಕೂತವರಿಗೆ ಅಕ್ಕಪಕ್ಕ ಸರಿಯಾಗಿ ಕಾಣುವುದಿಲ್ಲ. ಪ್ರೇಕ್ಷಕರ ಗ್ಯಾಲರಿಯ ನೆತ್ತಿಯ ಮೇಲೆ ಒಂದು ಅಟ್ಟ. ನಾನು ಅಲ್ಲಿ ನಿಂತು ಅವಳಿಗೆ ಕಣ್ಣಾಗಬೇಕು. "ಹೊರಗೊಬ್ಬ. ಇನ್ನೂ ಇದಾನೆ. ಖಾಲಿ." ಖಾಲಿ ಅಂದರೆ ಪಕ್ಕದಲ್ಲಿ ಯಾರೂ ಇಲ್ಲ, ಹೇಗೆ ಬೇಕಾದರೂ ತಿರುಗು. ಅರ್ಧ ಸೆಕೆಂಡು ಮುಂಚೆ ಖಾಲಿ ಅಂದರೆ ಇನ್ನೊಂದು ಕಾರಿನ ಮೈಮೇಲೆ ಹೋಗುತ್ತಾಳೆ. ಮೊದಲ ತಿಂಗಳು ಆ ಪದ ಹೇಳುವ ಮುಂಚೆ ಎರಡೆರಡು ಸಲ ನೋಡುತ್ತಿದ್ದೆ. ಸೋಮವಾರ ಆಫೀಸಿನಲ್ಲಿ ಯಾರಾದರೂ "ಕಾನ್ಫರೆನ್ಸ್ ರೂಮು ಖಾಲಿ ಇದೆಯಾ" ಅಂದರೂ ತಿರುಗಿ ಅಕ್ಕಪಕ್ಕ ನೋಡುತ್ತಿದ್ದೆ. ಈ ಹೆದರಿಕೆಗೆ ನಾನು ಕಂಡುಕೊಂಡ ಮದ್ದು ಕೀಟಲೆ.

ರೇಸು ಶುರುವಾಗುವ ಮುಂಚಿನ ನಿಧಾನದ ಸುತ್ತುಗಳಲ್ಲಿ ಬಟನ್ ಒತ್ತಿ ಚೀಫ್ ದನಿಯಲ್ಲಿ, "ಕೂಸೆ, ಈ ಸುತ್ತು ರಿವರ್ಸಲ್ಲಿ ಬಾ," ಅನ್ನುತ್ತಿದ್ದೆ. "ಕೂಸೆ, ಆ ಕೆಂಪು ಕಾರ್ನವನ್ಗೆ ಒಸಿ ಕೈ ಬೀಸು, ಸಂಬಂಧ ಕುದುರ್ಬೋದು." ಅವಳು ಮೊದಮೊದಲು "ಅಪ್ಪ, ವಾಟ್?" ಅಂತ ಕಿರುಚುತ್ತಿದ್ದಳು. ಕೆಳಗೆ ಗೋಡೆಯ ಪಕ್ಕ ಚೀಫ್ ತಲೆ ಎತ್ತಿ ನನ್ನ ಕಡೆ ಮುಷ್ಟಿ ತೋರಿಸಿ ನಗುತ್ತಿದ್ದರು.

ಅವರ ದನಿ ಕಲಿಯುವುದು ಸುಲಭ ಅಂದುಕೊಂಡಿದ್ದೆ. ಏರಿಳಿತವೇ ಇಲ್ಲದ, ತಣ್ಣಗಿನ, ಅಂಬಲಿ ಸುರಿದ ಹಾಗಿನ ದನಿ. ಮುಂದೆ ಮೂರು ಕಾರು ಡಿಕ್ಕಿ ಹೊಡೆದು ಹೊಗೆ ಎದ್ದಿದ್ದರೂ, "ಕೆಳಗಡೆಯಿಂದ ಓಗು. ಅವಸ್ರ ಇಲ್ಲ," ಅಷ್ಟೇ. ಆದರೆ ದಿನಾ ಆರುನೂರ ಎಂಬತ್ತನೇ ನಂಬರಿನ ಫ್ರೀವೇ ಟ್ರಾಫಿಕ್ಕಿನಲ್ಲಿ ನಿಂತು ಅಭ್ಯಾಸ ಮಾಡುವಾಗ ನನಗೆ ಉಸಿರು ಕಟ್ಟುತ್ತಿತ್ತು. ಯಾಕೆ ಅಂತ ತಿಳಿಯಲಿಲ್ಲ. ಒಂದು ದಿನ ಗೋಡೆಯ ಪಕ್ಕ ಅವರ ಬಳಿಯೇ ನಿಂತು ಗಮನಿಸಿದೆ. ಮಗಳ ಕಾರು ತಿರುವಿಗೆ ಹೊಕ್ಕ ಕ್ಷಣದಿಂದ ಹೊರಬರುವವರೆಗೆ ಅವರು ಉಸಿರಾಡುತ್ತಿರಲಿಲ್ಲ. ನೇರದಾರಿಗೆ ಬಂದ ಮೇಲೆ ಮೂಗಿನಿಂದ ಮೆಲ್ಲಗೆ ಬಿಡುತ್ತಿದ್ದರು. ಮುಂದಿನ ತಿರುವಿಗೆ ಮತ್ತೆ ಹಿಡಿಯುತ್ತಿದ್ದರು. ಆ ತಣ್ಣನೆಯ ದನಿ ಉಸಿರು ಹಿಡಿದ ಮನುಷ್ಯನ ದನಿ. ಅದು ಗೊತ್ತಾದ ಮೇಲೆ ನನ್ನ ಮಿಮಿಕ್ರಿ ಎಷ್ಟು ಚೆನ್ನಾಯಿತೆಂದರೆ ಆಂಟಿಯೇ ಫೋನಿನಲ್ಲಿ ಮೋಸ ಹೋದರು. ಯಾರಿಗೂ ಕಾಣದ ಹೆದರಿಕೆಯೊಂದು ನನ್ನ ಕೈಗೆ ಸಿಕ್ಕಿತ್ತು. ಅದನ್ನು ನಾನು ಬಳಸಿದ್ದು ತಮಾಷೆಗೆ.

ಆ ಭಾನುವಾರಕ್ಕೆ ಒಂದು ವಾರ ಮುಂಚೆ, ಪ್ರಾಕ್ಟೀಸಿನಲ್ಲಿ, ಒಂದು ಗೆರೆ ದಾಟಿದೆ. ಅವಳು ಪೂರ್ತಿ ವೇಗದಲ್ಲಿದ್ದಾಗ ಚೀಫ್ ದನಿಯಲ್ಲಿ, "ಒಳಿಕ್ ಬಾ ಕೂಸೆ," ಅಂದೆ. ಒಳಗೆ ಕರೆಯುವುದು ಚೀಫ್ ಒಬ್ಬರ ಹಕ್ಕು. ಅವಳು ಅನುಮಾನಿಸಿದಾಗ ನನ್ನ ದನಿಯಲ್ಲೇ, "ಅದು ನಾನಲ್ಲ, ಅಪ್ಪಾನೇ, ನಿಜವಾಗ್ಲೂ," ಅಂತ ಆಣೆ ಹಾಕಿದೆ. ಅವಳು ವೇಗ ಇಳಿಸಿ ಪಿಟ್ಟಿಗೆ ಬಂದು ನಿಂತಳು. ಟೈರು ಹಿಡಿದವರಿಲ್ಲ, ಜಾಕು ಹಿಡಿದವರಿಲ್ಲ. ಚೀಫ್ ಕುರ್ಚಿಯಲ್ಲಿ ಕೂತು ಚಿತ್ರಾನ್ನ ತಿನ್ನುತ್ತಿದ್ದರು. ಎಲ್ಲರೂ ನಕ್ಕರು. ಚೀಫ್ ಕೂಡ ನಕ್ಕರು, ಅದೇ ನನ್ನ ದುರದೃಷ್ಟ. ಅವಳು ಮಾತ್ರ ಹೆಲ್ಮೆಟ್ ತೆಗೆದು ನನ್ನ ಕಡೆ ಬೆರಳು ತೋರಿಸಿ, "ಡ್ಯೂಡ್, ಇನ್ನೊಂದ್ ಸಲ ನಾನು ಫೂಲ್ ಆಗಲ್ಲ," ಅಂದಳು.

ಭಾನುವಾರದ್ದು ಮಧ್ಯಾಹ್ನದ ರೇಸು, ಐವತ್ತು ಸುತ್ತು. ಟ್ರ್ಯಾಕಿನ ಆಚೆ ಹುಲ್ಲು ಒಣಗಿದ ಬೋಳು ಗುಡ್ಡಗಳು, ಗಾಳಿಗೆ ಧೂಳು. ಹತ್ತು ಸುತ್ತು ಉಳಿದಿತ್ತು, ಅವಳು ಮೂರನೇ ಸ್ಥಾನದಲ್ಲಿದ್ದಳು. ಅಷ್ಟು ಮುಂದೆ ಅವಳು ಎಂದೂ ಇದ್ದವಳಲ್ಲ. ಹಿಂದಿನ ನೀಲಿ ಕಾರು ಒಂದು ಸಲ ಅವಳ ಬಲ ಮಗ್ಗುಲನ್ನು ಉಜ್ಜಿಕೊಂಡು ಹೋಗಿತ್ತು. ಅಂಥದ್ದು ಎಷ್ಟೋ ಆಗುತ್ತದೆ. ನಾನು ಆ ನೀಲಿ ಕಾರನ್ನೇ ಕಾಯುತ್ತಿದ್ದೆ. "ಹಿಂದೆ ಒಂದು ಕಾರಿನಷ್ಟು. ಇನ್ನೂ ಹಿಂದೆನೇ. ಖಾಲಿ."

ಆಗ ರೇಡಿಯೋದಲ್ಲಿ ಒಂದು ದನಿ ಬಂತು.

"ಕೂಸೆ, ಒಳಿಕ್ ಬಾ. ಟೈರು ಓಯ್ತದೆ ಕಣವ್ವಾ. ಬಾ, ಬಾ, ಒಳಿಕ್ ಬಾ."

ಕೀರಲು ದನಿ. ಮಧ್ಯೆ ಒಡೆದಿತ್ತು. ಕೊನೆಯ 'ಬಾ' ಅಳುವಿನ ಹತ್ತಿರ ಹೋಗಿತ್ತು. ನಿಜ ಹೇಳುತ್ತೇನೆ, ಒಂದು ಕ್ಷಣ ನನಗೂ ಅನಿಸಿದ್ದು: ಚೀಫ್ ಅವರನ್ನು ಇಷ್ಟು ಕೆಟ್ಟದಾಗಿ ಯಾರು ಅಣಕಿಸುತ್ತಿದ್ದಾರೆ?

ಅವಳು ನಕ್ಕಳು. "ನೈಸ್ ಟ್ರೈ, ಡ್ಯೂಡ್. ಅಪ್ಪ ಹೀಗೆ ಮಾತಾಡೋದೇ ಇಲ್ಲ."

ಕೆಳಗೆ ನೋಡಿದೆ. ಚೀಫ್ ಗೋಡೆಯ ಮೇಲೆ ಅರ್ಧ ಹತ್ತಿದ್ದರು. ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈ ಗಾಳಿಯಲ್ಲಿ. ಆಮೇಲೆ ಅವಳ ಕಾರು ನೋಡಿದೆ. ಬಲಗಡೆ ಮುಂದಿನ ಚಕ್ರದ ಮೇಲಿನ ತಗಡು ಒಳಕ್ಕೆ ಬಾಗಿತ್ತು. ತಿರುವಿನಲ್ಲಿ ಕಾರು ವಾಲಿದಾಗಲೆಲ್ಲ ಅದು ಟೈರಿಗೆ ತಾಗಿ ದಾರದಷ್ಟು ನೀಲಿ ಹೊಗೆ ಬರುತ್ತಿತ್ತು. ಅಪಾಯ ಕಂಡರೆ ರೇಸು ತಡೆಯಲು ಬಾವುಟ ಹಿಡಿದು ನಿಂತವನಿಗೆ ಕಾಣದಷ್ಟು ಸಣ್ಣದು. ತಗಡು ಟೈರನ್ನು ಸುತ್ತಿಗೊಂದಿಷ್ಟು ಕೊಯ್ಯುತ್ತಿತ್ತು. ಎಡಕ್ಕೆ ತಿರುಗುವ ಕಾರಿನ ಭಾರವೆಲ್ಲ ಬಲ ಮುಂದಿನ ಟೈರಿನ ಮೇಲೆ. ಅದು ಪೂರ್ತಿ ವೇಗದಲ್ಲಿ ಒಡೆದರೆ ಕಾರು ತಿರುಗುವುದಿಲ್ಲ, ನೆಟ್ಟಗೆ ಗೋಡೆಗೆ ಹೋಗುತ್ತದೆ.

"ಅದು ನಾನಲ್ಲ," ಅಂದೆ ನನ್ನ ದನಿಯಲ್ಲಿ. "ಅಪ್ಪಾನೇ. ನಿಜವಾಗ್ಲೂ. ಒಳಗೆ ಬಾ."

"ಹೋದ ವಾರಾನೂ ಇದನ್ನೇ ಹೇಳ್ದೆ."

ಹೇಳಿದ್ದೆ. ಅದೇ ಪದ, ಅದೇ ಆಣೆ ಹಾಕುವ ಧಾಟಿ. ನನ್ನ ಸ್ವಂತ ದನಿಗೆ ಕಿಲುಬು ಕಾಸಿನ ಬೆಲೆ ಇರಲಿಲ್ಲ. ಚೀಫ್ ಮತ್ತೆ ಬಟನ್ ಒತ್ತಿದರು. ಬರೀ ಉಸಿರು ಕೇಳಿಸಿತು, ಓಡಿ ಬಂದವರ ಉಸಿರು. ಒಂದು ಸುತ್ತಿಗೆ ಇಪ್ಪತ್ತು ಸೆಕೆಂಡು. ಅದರಲ್ಲಿ ಅರ್ಧ ಮುಗಿದಿತ್ತು. ಅಟ್ಟದ ಕಂಬಿಗೆ ಹೊಟ್ಟೆ ಒತ್ತಿಕೊಂಡು ನಿಂತೆ.

ಉಸಿರು ಹಿಡಿದೆ. ಅವರು ಹಿಡಿಯುವ ಹಾಗೆ, ಹೊಟ್ಟೆಯ ತಳದಲ್ಲಿ.

"ಕೂಸೆ. ಕಾಲ್ ತಗಿ. ಒಳಿಕ್ ಬಾ. ಅವಸ್ರ ಇಲ್ಲ."

"ಓಕೆ, ಅಪ್ಪ," ಅಂದಳು. ಒಂದು ಚೂರೂ ಅನುಮಾನವಿಲ್ಲದೆ.

ಇಂಜಿನ್ನಿನ ಸದ್ದು ಇಳಿಯಿತು. ಇಳಿದು ಎರಡು ಸೆಕೆಂಡೂ ಆಗಿರಲಿಲ್ಲ, ಮೂರನೇ ತಿರುವಿನಲ್ಲಿ ಟೈರು ಒಡೆಯಿತು. ಕಾರು ಹೊರಕ್ಕೆ ಜಾರಿ ಬಲ ಮಗ್ಗುಲನ್ನಿಡೀ ಹೊರಗೋಡೆಗೆ ಉಜ್ಜಿಕೊಂಡು ಹೋಗಿ, ಒಮ್ಮೆ ತಿರುಗಿ, ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತು. ಧೂಳಿನಲ್ಲಿ ಮುಚ್ಚಿಹೋಯಿತು.

ಕಾರಿನ ಕಿಟಕಿಗೆ ಗಾಜಿರುವುದಿಲ್ಲ, ಬಲೆ ಇರುತ್ತದೆ. ಅಪಘಾತವಾದಾಗ ಒಳಗಿದ್ದವರು ಆ ಬಲೆ ಬಿಚ್ಚಿ ಕೆಳಗೆ ಬಿಡಬೇಕು. ಬಿಟ್ಟರೆ ಪ್ರಜ್ಞೆ ಇದೆ, ನಾನು ಸರಿಯಾಗಿದ್ದೇನೆ ಅಂತ ಅರ್ಥ. ಬಿಡದಿದ್ದರೆ ಏನರ್ಥ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಧೂಳು ಸರಿಯಿತು. ಬಲೆ ಮೇಲೆಯೇ ಇತ್ತು.

"ಕೇಳಿಸ್ತಿದೆಯಾ?" ಅಂದೆ. ಉತ್ತರವಿಲ್ಲ. ಮತ್ತೆ ಕೇಳಿದೆ. ಕೆಳಗೆ ಗ್ಯಾಲರಿಯಲ್ಲಿ ಯಾರದೋ ಮಗು ಐಸ್‌ಕ್ರೀಮು ಕೇಳುತ್ತಿತ್ತು. ತಂಡದವರು ಟ್ರ್ಯಾಕಿಗೆ ಇಳಿಯುವ ಹಾಗಿಲ್ಲ, ನಿಯಮ. ಚೀಫ್ ಇಳಿಯಲಿಲ್ಲ. ಗೋಡೆಯ ಮೇಲೆ ಎರಡೂ ಅಂಗೈ ಊರಿ ನಿಂತಿದ್ದರು. ನಾನು ನೋಡುತ್ತಿದ್ದದ್ದು ಬಲೆಯನ್ನೋ ಅವರ ಬೆನ್ನನ್ನೋ ಈಗ ನೆನಪಿಲ್ಲ. ಒಳ್ಳೆಯದಾಗಲಿ ಅಂತ ದೇವರನ್ನು ಬೇಡಿಕೊಳ್ಳಲು ಹೋದರೆ, ನಮ್ಮ ದೇವಸ್ಥಾನದ ಭಟ್ಟರ ದನಿಯಲ್ಲಿ ಮಂತ್ರ ಬಂತು ಮನಸ್ಸಿಗೆ. ನನ್ನನ್ನು ನಾನೇ ಹೊಡೆದುಕೊಳ್ಳಬೇಕು ಅನ್ನಿಸಿದ್ದು ಆಗ.

ಬಲೆ ಕೆಳಗೆ ಬಿತ್ತು. ಒಂದು ಕೈ ಹೊರಬಂತು.

ಮುಂಗೈ ಮೂಳೆ ಸ್ವಲ್ಪ ಬಿರುಕು ಬಿಟ್ಟಿತ್ತು, ಬೇರೇನಿಲ್ಲ. ರೇಡಿಯೋದ ವೈರು ಕಿತ್ತುಹೋಗಿದ್ದರಿಂದ ಮಾತು ಬಂದಿರಲಿಲ್ಲವಂತೆ. ಆಂಬುಲೆನ್ಸಿನ ಮೆಟ್ಟಿಲ ಮೇಲೆ ಕೂತು ಅವಳು ಅಪ್ಪನಿಗೆ ಹೇಳಿದಳು, "ಯು ವರ್ ಸೋ ಕಾಮ್, ಅಪ್ಪ." ಅಷ್ಟು ಶಾಂತವಾಗಿ ಕರೆದೆಯಲ್ಲ ಅಂತ. ಚೀಫ್ ನನ್ನ ಕಡೆ ಒಂದು ಸಲ ನೋಡಿದರು. ಆ ನೋಟವನ್ನು ಮಾಡಿ ತೋರಿಸು ಅಂದರೆ ನನಗೆ ಈಗಲೂ ಬರುವುದಿಲ್ಲ.

ಮುಂದಿನ ಶನಿವಾರ ಬೆಳಿಗ್ಗೆ ಸ್ಯಾನ್ ಹೊಸೆಗೆ ಹೋದೆ. ಮನೆಯಿಂದ ಹೊರಡುವಾಗಲೇ ಕ್ಷಮೆ ಕೇಳುವ ಮಾತು ಕಟ್ಟಿಕೊಂಡಿದ್ದೆ. ಅವರ ಮನೆಯ ಗ್ಯಾರೇಜಿನಲ್ಲಿ ಜಜ್ಜಿಹೋದ ಕಾರು ನಿಂತಿತ್ತು. ಚೀಫ್ ಒಳಗೆ ಬಗ್ಗಿ ಡ್ರೈವರ್ ಸೀಟಿನ ಬೋಲ್ಟು ಬಿಚ್ಚುತ್ತಿದ್ದರು. ಮಗಳು ಕೈಗೆ ಪಟ್ಟಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಮಾತು ಆಗಲೇ ಶುರುವಾಗಿತ್ತು ಅಂತ ಇಬ್ಬರ ಮುಖ ಹೇಳುತ್ತಿತ್ತು.

"ಸೀಟು ಯಾಕೆ ಬಿಚ್ತಿದೀರಾ ಅಂಕಲ್?" ಅಂದೆ.

"ಮುಗೀತು ಮಗ. ನಾನೂ ಬುಟ್ಟೆ, ಅವ್ಳೂ ಬುಡ್ತಾಳೆ."

"ನಾನು ಬಿಡಲ್ಲ," ಅಂದಳು ಮಗಳು.

ಚೀಫ್ ಸ್ಪ್ಯಾನರು ಹಿಡಿದೇ ಹೊರಬಂದರು. "ಕೊನೇಗೆ ಒಳಿಕ್ ಕರ್ದದ್ದು ನಾನಲ್ಲ ಕಣವ್ವ. ಇವ್ನು."

ಅವಳು ನನ್ನ ಕಡೆ ತಿರುಗಿದಳು. ನಾನು ನೆಲ ನೋಡಿದೆ. "ಮತ್ತೆ ಮೊದಲನೇದು?" ಅಂದಳು.

"ಅದು ನಾನು."

"ಆ ವಾಯ್ಸು ನಿಂದಾ ಅಪ್ಪ?" ಅಂದವಳು ಪಕ್ಕದಲ್ಲಿದ್ದ ಟೈರಿನ ಮೇಲೆ ಕೂತುಬಿಟ್ಟಳು.

ಕಟ್ಟಿಕೊಂಡು ಬಂದ ಮಾತೆಲ್ಲ ನನಗೆ ಮರೆತಿತ್ತು. ತಪ್ಪು ನನ್ನದು, ಇನ್ನು ರೇಡಿಯೋ ಮುಟ್ಟುವುದಿಲ್ಲ ಅಂತ ಏನೋ ತೊದಲಿದೆ. ಚೀಫ್ ತಲೆಯಾಡಿಸಿದರು. "ನಿಂದೇ ವಾಸಿ ಕಣ್ಲಾ. ನಿನ್ ದನೀಲಿ ಎದ್ರಿಕೆ ಇರ್ನಿಲ್ಲ. ಇಷ್ಟ್ ವರ್ಸ ಬಾಯಿ ನೆಟ್ಗೆ ಇಟ್ಕಂಡಿದ್ದೆ, ಬೇಕಾದ್ ಒತ್ಗೆ ಕೈ ಕೊಡ್ತು."

"ನನಗೂ ಹೆದರಿಕೆ ಆಗಿತ್ತು ಅಂಕಲ್. ಕಂಬಿಗೆ ಒರಗಿಕೊಂಡೇ ನಿಂತಿದ್ದೆ. ಆದರೆ ದನಿ ನಿಮ್ಮದು. ಅದರಲ್ಲಿ ಹೆದರಿಕೆ ತೋರಿಸೋಕೆ ಜಾಗವೇ ಇಲ್ಲ."

ಅವರು ಮಗಳ ಎದುರಿಗೆ ಬಂದು ನಿಂತು, ಅವಳ ಪಟ್ಟಿ ಕಟ್ಟಿದ ಕೈ ನೋಡುತ್ತಾ, ನಾನು ಎಂದೂ ಕೇಳಿರದ ಮಾತು ಹೇಳಿದರು. "ನಂಗೆ ಎದ್ರಿಕೆ ಆಯ್ತದೆ ಕೂಸೆ. ಪ್ರತಿ ಸುತ್ತೂ ಆಯ್ತದೆ. ಮೊದ್ಲಿಂದ್ಲೂ. ಇನ್ನು ನನ್ ಕೈಲಾಗಕಿಲ್ಲ. ನೀನು ಆ ಸೀಟಲ್ಲಿ ಕೂರಂಗಿಲ್ಲ."

ಅವಳು ಎದ್ದು ಹೋಗಿ ನೆಲದ ಮೇಲಿದ್ದ ನಾಲ್ಕು ಬೋಲ್ಟುಗಳನ್ನು ಒಂದೇ ಕೈಯಲ್ಲಿ ಆರಿಸಿಕೊಂಡು ಬಂದು ಅಪ್ಪನ ಅಂಗೈಯಲ್ಲಿ ಇಟ್ಟಳು. ಆಮೇಲೆ ಒಂದು ಮಾತು ಹೇಳಿದಳು. ಮಧ್ಯಾಹ್ನದ ಊಟಕ್ಕೆ ಮುಂಚೆ ಸೀಟು ಕಾರಿನೊಳಗೆ ವಾಪಸು ಕೂತಿತ್ತು, ಬೋಲ್ಟು ಬಿಗಿಯುವಾಗ ಟಾರ್ಚು ಹಿಡಿದವನು ನಾನು. ರೇಸು ಬಿಡುವ ವಿಷಯ ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಅವಳು ಹೇಳಿದ್ದು ಇಷ್ಟು:

"ಓಕೆ ಅಪ್ಪ. ಹಾಗಾದ್ರೆ ನೀನು ಡ್ರೈವ್ ಮಾಡು. ನಾನು ಗೋಡೆ ಹತ್ರ ನಿಂತ್ಕೊಂಡು ಹೆದರ್ತೀನಿ."